ಮಗಳು ಅನುವಾದ ಮಾಡಿದ್ರೆ ಡಾಕ್ಟರ್‌ಗೆ ಏನು ಕೇಳಿಸುತ್ತೆ?

ಇವತ್ತಿನ ವಿಷಯ ಅಮೆರಿಕದ್ದು. ಮೆಕ್ಸಿಕೊ, ಕ್ಯೂಬಾದಂಥ ಸ್ಪ್ಯಾನಿಷ್ ಮಾತಾಡೋ ನಾಡುಗಳ ಮೂಲದವರನ್ನ ಅಲ್ಲಿ ಹಿಸ್ಪಾನಿಕ್ ಅಂತಾರೆ. ಅಲ್ಜೈಮರ್ಸ್ ಅಸೋಸಿಯೇಷನ್ ಪ್ರಕಾರ ಈ ಸಮುದಾಯದ ಹಿರಿಯರಲ್ಲಿ ಡಿಮೆನ್ಷಿಯಾ, ಅಂದ್ರೆ ಮರೆಗುಳಿ ಕಾಯಿಲೆ, ಬಿಳಿಯ ಹಿರಿಯರಿಗಿಂತ ಸುಮಾರು 1.5 ಪಟ್ಟು ಹೆಚ್ಚು. ಆದ್ರೆ ಅದು ಪತ್ತೆಯಾಗೋದು ಎಷ್ಟೋ ಸಲ ತಡವಾಗಿ. ಯಾಕೆ?

ಡಾಕ್ಟರ್ ರೂಮಿಂದಲೇ ಶುರು ಮಾಡೋಣ. 75 ವರ್ಷದ ಅಮ್ಮ, ಪಕ್ಕದಲ್ಲಿ ಮಗಳು ಅಂತ ಊಹಿಸ್ಕೊಳ್ಳಿ. "ಇವತ್ತು ಯಾವ ವಾರ?" ಅಂತ ಡಾಕ್ಟರ್ ಇಂಗ್ಲಿಷಲ್ಲಿ ಕೇಳ್ತಾರೆ. ಅಮ್ಮ ಸ್ಪ್ಯಾನಿಷಲ್ಲಿ ತಡವರಿಸಿ, ಅರ್ಧ ವಾಕ್ಯ ಹೇಳಿ, ಮಾತು ಇನ್ನೆಲ್ಲಿಗೋ ಹೋಗುತ್ತೆ. ಮಗಳು ಅದನ್ನೆಲ್ಲ ಜೋಡಿಸಿ, ನೀಟಾಗಿ ಇಂಗ್ಲಿಷಲ್ಲಿ ಉತ್ತರ ಕೊಡ್ತಾಳೆ. ಅಮ್ಮನ ಮರ್ಯಾದೆ ಉಳಿಸೋಕೆ, ಪ್ರೀತಿಯಿಂದಲೇ. ಆದ್ರೆ ಡಾಕ್ಟರ್ ಕೇಳಿಸ್ಕೋಬೇಕಿದ್ದದ್ದು ಆ ತಡವರಿಕೆಯನ್ನೇ.

ಇದಕ್ಕೆ ಕಾನೂನು ಇಲ್ಲ ಅಂತಲ್ಲ. ಒಬಾಮಾ ಕಾಲದ ಆರೋಗ್ಯ ಕಾಯ್ದೆಯ 1557ನೇ ಸೆಕ್ಷನ್ ಪ್ರಕಾರ, ಕೇಂದ್ರ ಸರ್ಕಾರದ ಹಣ ಪಡೆಯೋ ಆಸ್ಪತ್ರೆಗಳು ತರಬೇತಾದ ದುಭಾಷಿಯನ್ನ ಉಚಿತವಾಗಿ ಕೊಡಬೇಕು. ಆದ್ರೆ ಇಂಗ್ಲಿಷ್ ಬರೋ ಮಗಳು ಪಕ್ಕದಲ್ಲೇ ಕೂತಿರುವಾಗ ದುಭಾಷಿಗೆ ಕಾಯೋ ತಾಳ್ಮೆ ಎಲ್ಲರಿಗೂ ಇರಲ್ಲ.

ಇನ್ನು ಟೆಸ್ಟ್. 1975ರಲ್ಲಿ ಬಂದ ಎಂಎಂಎಸ್‌ಇ ಅನ್ನೋ 30 ಅಂಕದ ಪರೀಕ್ಷೆ ಇದೆ. 100ರಿಂದ 7 ಕಳೀತಾ ಹೋಗಿ, ಅಥವಾ 'ವರ್ಲ್ಡ್' ಸ್ಪೆಲಿಂಗ್ ಉಲ್ಟಾ ಹೇಳಿ ಅಂತಾರೆ. ಸ್ಪ್ಯಾನಿಷಲ್ಲೂ ಇದೆ, ಸರಿ. ಆದ್ರೆ ಮೂರನೇ ಕ್ಲಾಸಿಗೇ ಸ್ಕೂಲ್ ಬಿಟ್ಟು ಹೊಲಕ್ಕೆ ಹೋದವರಿಗೆ ಅಲ್ಲಿ ಅಂಕ ಕಡಿಮೆ ಬಂದ್ರೆ ಅದು ಮರೆವೋ, ಓದಿಲ್ಲದ್ದೋ? ಹೀಗಾಗಿ ಕಾಯಿಲೆ ಇಲ್ಲದವರಿಗೂ ಇದೆ ಅನ್ನೋ ಹಣೆಪಟ್ಟಿ ಬೀಳಬಹುದು.

ಈಗ ನನ್ನ ಕಾಮರ್ಸ್ ತಲೆ ಓಡೋ ಜಾಗ, ದುಡ್ಡು. 65 ದಾಟಿದವರಿಗೆ ಮೆಡಿಕೇರ್ ವಿಮೆ ಇದೆ. ಅದರ ಆಸ್ಪತ್ರೆ ಭಾಗ ಪ್ರೀಮಿಯಂ ಇಲ್ಲದೆ ಸಿಗೋಕೆ ತಾವೋ ಸಂಗಾತಿಯೋ ಸಾಮಾನ್ಯವಾಗಿ 10 ವರ್ಷ ತೆರಿಗೆ ಕಟ್ಟಿ ದುಡಿದಿರಬೇಕು. ತೋಟದಲ್ಲಿ, ಮನೆಗೆಲಸದಲ್ಲಿ ಕ್ಯಾಶ್ ತಗೊಂಡು ದುಡಿದವರ ಹತ್ರ ದಾಖಲೆ ಎಲ್ಲಿಂದ ಬರಬೇಕು? (ನ್ಯೂಜೆರ್ಸಿಯ ಅಕ್ಕ ನಿಮ್ಮ ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿದ್ರೂ ಅಷ್ಟೇ: 5 ವರ್ಷ ಅಲ್ಲೇ ವಾಸ ಇದ್ದ ಮೇಲಷ್ಟೇ ದುಡ್ಡು ಕಟ್ಟಿ ಮೆಡಿಕೇರ್ ಸೇರಬಹುದು.)

ವಿಮೆ ಸಿಕ್ಕಿದ್ರೂ, ಸ್ನಾನ ಮಾಡಿಸೋದು, ಊಟ ಮಾಡಿಸೋದು, ರಾತ್ರಿ ಕಾಯೋದು, ಇಂಥ ದೀರ್ಘಕಾಲದ ಆರೈಕೆಗೆ ಮೆಡಿಕೇರ್ ಕೊಡಲ್ಲ. ಬಡವರಿಗೆ ಮೆಡಿಕೇಡ್ ಕೊಡುತ್ತೆ. ಆದ್ರೆ ಅದನ್ನ ಬಳಸಿದ್ರೆ ಗ್ರೀನ್ ಕಾರ್ಡ್ ಅರ್ಜಿಗೆ ಪೆಟ್ಟು ಬೀಳಬಹುದು ಅನ್ನೋ ನಿಯಮ 2020ರಲ್ಲಿ ಜಾರಿಯಾಯ್ತು. 2021ರಲ್ಲಿ ನಿಯಮ ಹೋಯ್ತು, ಭಯ ಹೋಗಲಿಲ್ಲ. ಕೊನೆಗೆ ಆರೈಕೆಯೆಲ್ಲ ಬರೋದು ಅದೇ ಮಗಳ ತಲೆ ಮೇಲೆ.

ಹಾಗಾದ್ರೆ ಡಾಕ್ಟರ್ ಮುಂದೆ ಅವಳು ಸುಮ್ಮನೆ ಕೂರಬೇಕಾ? ಇಲ್ಲ. ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ದುಭಾಷಿ ಬೇಕು ಅಂತ ಹೇಳಬೇಕು. ಅಮ್ಮ ಒಲೆ ಆರಿಸೋದು ಮರೆತದ್ದು, ಗೊತ್ತಿರೋ ಬೀದಿಯಲ್ಲೇ ದಾರಿ ತಪ್ಪಿದ್ದು ಅವಳಿಗೇ ಚೆನ್ನಾಗಿ ಗೊತ್ತು. ಅದನ್ನ ಹೇಳೋಕೆ ಡಾಕ್ಟರ್ ಹತ್ರ ಬೇರೆಯಾಗಿ ಹತ್ತು ನಿಮಿಷ ಕೇಳಬೇಕು, ಅಮ್ಮನ ಎದುರಲ್ಲಲ್ಲ.