ಅಂಚಿನಲ್ಲಿ ಅಳೆದ ಡಿಸ್ಕ್

ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಎಂಟು ತಿಂಗಳಾಗಿತ್ತು. ಇಂಟರ್‌ವ್ಯೂಗಳಿಗೆ ಹೋಗಿ ಬರುವುದೇ ನನ್ನ ಕೆಲಸ. ಅಪ್ಪ ಹಾಸನದಿಂದ ಮಂಗಳೂರಿಗೆ ಪಿಕಪ್‌ನಲ್ಲಿ ತರಕಾರಿ ಸಾಗಿಸುತ್ತಾರೆ. ವಾರಕ್ಕೆ ಮೂರು ಸಲ ಶಿರಾಡಿ ಘಾಟಿ ಇಳಿದು ಹತ್ತಬೇಕು. ನನ್ನ ಕಾಲೇಜು ಫೀಸು ಕಟ್ಟಿದ್ದು ಅದೇ ಗಾಡಿ.

ಒಂದು ದಿನ ಅಪ್ಪ, ‘ಬ್ರೇಕ್ ಒತ್ತಿದ್ರೆ ಸ್ಟೇರಿಂಗ್ ನಡುಗುತ್ತೆ ಕಣೋ, ಸ್ವಲ್ಪ ನೋಡು’ ಅಂದರು. ಓದಿದ್ದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಮುಂದಿನ ಚಕ್ರ ಬಿಚ್ಚಿ, ವರ್ನಿಯರ್ ಹಿಡಿದು ಬ್ರೇಕ್ ಡಿಸ್ಕಿನ ದಪ್ಪ ಅಳೆದೆ. ‘ಡಿಸ್ಕ್ ಚೆನ್ನಾಗಿದೆ ಅಪ್ಪಾ, ಪ್ಯಾಡ್ ಬದಲಾಯಿಸಿದರೆ ಸಾಕು’ ಎಂದು ತೀರ್ಪು ಕೊಟ್ಟೆ. ಮಗ ಇಂಜಿನಿಯರು, ಅಪ್ಪ ನಂಬಿದರು.

ನಾಲ್ಕನೇ ದಿನ ಬೆಳಗಿನ ಜಾವ ಫೋನ್ ಬಂತು. ‘ಏನೂ ಆಗಿಲ್ಲ, ಗಾಬರಿ ಆಗಬೇಡ. ಘಾಟಿಯಲ್ಲಿ ಎಷ್ಟು ಒತ್ತಿದರೂ ಬ್ರೇಕ್ ಹಿಡೀಲಿಲ್ಲ. ಸೆಕೆಂಡ್ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು ಪಕ್ಕಕ್ಕೆ ನಿಲ್ಲಿಸಿದೀನಿ. ಸುಟ್ಟ ವಾಸನೆ ಬರ್ತಿದೆ.’ ಅಪ್ಪನ ದನಿ ಎಂದಿನಂತೆಯೇ ಇತ್ತು. ನನ್ನ ಕೈ ಮಾತ್ರ ನಡುಗುತ್ತಿತ್ತು.

ಗಾಡಿ ಗ್ಯಾರೇಜಿಗೆ ಬಂದಾಗ ಮೇಸ್ತ್ರಿ ಡಿಸ್ಕನ್ನು ನನ್ನ ಮುಂದಿಟ್ಟರು. ‘ಎಲ್ಲಿ ಅಳತೆ ಮಾಡ್ದೆ, ತೋರ್ಸು ಮಗಾ.’ ತೋರಿಸಿದೆ. ಅವರು ನಗಲಿಲ್ಲ. ಪ್ಯಾಡ್ ಉಜ್ಜದ ಹೊರ ಅಂಚು ಸವೆಯದೆ ಗೋಡೆಯಂತೆ ಎದ್ದು ನಿಂತಿತ್ತು. ನಾನು ಅಳೆದದ್ದು ಆ ಗೋಡೆಯನ್ನು. ಮೇಸ್ತ್ರಿ ಸವೆದ ಜಾಗದ ಎರಡೂ ಬದಿಗೆ ಒಂದೊಂದು ನಾಣ್ಯ ಇಟ್ಟು ಅಳೆದು, ನಾಣ್ಯಗಳ ದಪ್ಪ ಕಳೆದರು. ಡಿಸ್ಕಿನ ಮೇಲೆ ‘ಮಿನ್ ಟಿಎಚ್’ ಎಂದು ಅಚ್ಚಾಗಿದ್ದ ಕನಿಷ್ಠ ದಪ್ಪಕ್ಕಿಂತ ಅರ್ಧ ಮಿಲಿಮೀಟರ್ ಕಡಿಮೆ! ನಾಲ್ಕು ಕಡೆ ಅಳೆದರೆ ನಾಲ್ಕು ಲೆಕ್ಕ. ಸ್ಟೇರಿಂಗ್ ನಡುಗುತ್ತಿದ್ದುದು ಅದಕ್ಕೇ.

ಅರ್ಧ ಮಿಲಿಮೀಟರ್ ಎಂದರೆ ಅಷ್ಟು ದೊಡ್ಡದೇ? ಮನೆಗೆ ಬಂದು ಲೆಕ್ಕ ಹಾಕಿದೆ. ಲೋಡ್ ಸೇರಿ 3 ಟನ್ ತೂಕದ ಗಾಡಿ ಬರೀ 100 ಮೀಟರ್ ಎತ್ತರ ಇಳಿದರೆ ಸುಮಾರು 29 ಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಅದು 9 ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಎಂಜಿನ್ ತಡೆಯದಿದ್ದರೆ ಅದರಲ್ಲಿ ಬಹುಪಾಲು ಬ್ರೇಕ್‌ಗಳಲ್ಲೇ ಶಾಖವಾಗುತ್ತದೆ. ಡಿಸ್ಕ್ ಸವೆದಷ್ಟೂ ಆ ಶಾಖ ಹಿಡಿದಿಡುವ ಕಬ್ಬಿಣ ಕಡಿಮೆ. ಪರೀಕ್ಷೆಯಲ್ಲಿ ಇಂಥ ಲೆಕ್ಕಕ್ಕೆ ಪೂರ್ತಿ ಅಂಕ ತೆಗೆದವನು ನಾನು.

ಹೊಸ ಡಿಸ್ಕ್ ತರಲು ಮೇಸ್ತ್ರಿಯ ಜೊತೆ ಅಂಗಡಿಗೆ ಹೋದೆ. ರೀಲ್ಸ್‌ನಲ್ಲಿ ನೋಡಿದ್ದ, ಮೈತುಂಬ ತೂತು ಕೊರೆದ ಹೊಳೆಯುವ ಡಿಸ್ಕ್ ಕಡೆ ನನ್ನ ಕಣ್ಣು. ‘ತೂತಿನ ಸುತ್ತಲೇ ಬಿರುಕು ಶುರುವಾಗೋದು. ಲೋಡ್ ಗಾಡಿಗೆ ಅದು ಬೇಡ’ ಎಂದರು. ಅಗ್ಗದ್ದೊಂದಿತ್ತು, ಡಬ್ಬಿಯ ಮೇಲೆ ಪಾರ್ಟ್ ನಂಬರೇ ಇಲ್ಲ. ಮೂರನೆಯದು ನೋಡಲು ಸಾದಾ. ಎರಡು ಪದರಗಳ ನಡುವೆ ಗಾಳಿಯಾಡುವ ಸಂದುಗಳಿದ್ದವು, ನಮ್ಮ ಗಾಡಿಯ ಮಾಡೆಲ್ಲು, ವರ್ಷಕ್ಕೆ ಪಾರ್ಟ್ ನಂಬರ್ ಹೊಂದುತ್ತಿತ್ತು. ಅಷ್ಟಕ್ಕೇ ಬಿಡದೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ವ್ಯಾಸ, ಬೋಲ್ಟ್ ತೂತುಗಳು, ನಡುವಿನ ರಂಧ್ರ, ಟೋಪಿಯಂತೆ ಉಬ್ಬಿದ ಭಾಗದ ಎತ್ತರ ಎಲ್ಲವನ್ನೂ ಹೋಲಿಸಿದರು. ಆ ಎತ್ತರ ಕೊಂಚ ಬದಲಾದರೂ ಡಿಸ್ಕ್ ಕ್ಯಾಲಿಪರ್ ನಡುವೆ ಸರಿಯಾಗಿ ಕೂರುವುದಿಲ್ಲ. ಒಂದೇ ಡಿಸ್ಕ್ ಸಾಕೇ ಎಂದು ಕೇಳಿದೆ. ‘ಎರಡೂ ಬದಿ ಒಟ್ಟಿಗೇ ಹಾಕಬೇಕು. ಇಲ್ದಿದ್ರೆ ಗಾಡಿ ಒಂದು ಕಡೆಗೆ ಎಳೀತದೆ. ಪ್ಯಾಡೂ ಹೊಸದೇ ಇರಲಿ.’

ಕೂರಿಸುವ ಕೆಲಸ ನನ್ನಿಂದಲೇ ಮಾಡಿಸಿದರು. ಹಬ್ ಮೇಲಿನ ತುಕ್ಕು ಉಜ್ಜಿದೆ, ಹೊಸ ಡಿಸ್ಕಿಗೆ ಹಚ್ಚಿದ್ದ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿದೆ, ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿದೆ. ಆಮೇಲೆ ಖಾಲಿ ರಸ್ತೆಯಲ್ಲಿ, ಖಾಲಿ ಗಾಡಿಯಲ್ಲಿ ಹತ್ತಾರು ಸಲ ಹದವಾಗಿ ಬ್ರೇಕ್ ಒತ್ತಿ, ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವಂತೆ ಮಾಡಿ ತಣಿಯಲು ಬಿಟ್ಟೆವು.

ಇಷ್ಟಾದರೂ ಅಪ್ಪ ಒಂದು ಮಾತೂ ಆಡಿರಲಿಲ್ಲ. ನಾನೇ, ‘ತಪ್ಪು ನನ್ನದು ಅಪ್ಪಾ’ ಅಂದೆ. ‘ಗೊತ್ತಿಲ್ಲದೇ ಇರೋದು ತಪ್ಪಲ್ಲ ಕಣೋ. ಗೊತ್ತಿಲ್ಲ ಅಂತ ಹೇಳಬೇಕಿತ್ತು’ ಅಂದರು.

ಕೆಲಸ ಇನ್ನೂ ಸಿಕ್ಕಿಲ್ಲ. ಇಂಟರ್‌ವ್ಯೂ ಇಲ್ಲದ ದಿನ ಮೇಸ್ತ್ರಿಯ ಗ್ಯಾರೇಜಿಗೆ ಹೋಗುತ್ತೇನೆ. ಲೋಡ್ ಇರುವ ರಾತ್ರಿ ಮಾತ್ರ ಬೇಗ ನಿದ್ದೆ ಬರುವುದಿಲ್ಲ. ಗುಂಡ್ಯ ತಲುಪಿದ ಕೂಡಲೇ ಅಪ್ಪ ಮೆಸೇಜ್ ಹಾಕುತ್ತಾರೆ: ‘ಇಳಿದೆ. ನಡುಕ ಇಲ್ಲ. ಮಲಗು.’