ಪ್ರೇಮಕ್ಕೆ ಯಾವ ವಿಭಕ್ತಿ?

ಕನ್ನಡ ಅಧ್ಯಾಪಕನ ಮನೆಗೆ ಜನರು ಬರುವುದು ಸಾಮಾನ್ಯವಾಗಿ ಮೂರು ಕೆಲಸಗಳಿಗಾಗಿ: ಲಗ್ನಪತ್ರಿಕೆಯ ಕರಡು ತಿದ್ದಿಸಲು, ಮೊಮ್ಮಗುವಿಗೆ ಊರಿನಲ್ಲಿ ಯಾರೂ ಇಡದ ಹೆಸರೊಂದನ್ನು ಹುಡುಕಿಸಲು, ನವೆಂಬರ್ ತಿಂಗಳಿನಲ್ಲಿ ರಾಜ್ಯೋತ್ಸವದ ಭಾಷಣಕ್ಕೆ ಕರೆಯಲು. ಮೂರನೆಯದಕ್ಕೆ ಒಂದು ಶಾಲು, ಒಂದು ಹಾರ, ಹಣ್ಣಿಗಿಂತ ಬಣ್ಣದ ಕಾಗದವೇ ಹೆಚ್ಚಾಗಿರುವ ಒಂದು ಬುಟ್ಟಿ ಉಂಟು. ಮೊದಲೆರಡಕ್ಕೆ ಬರಿಯ ನಮಸ್ಕಾರ. ಇಪ್ಪತ್ತು ವರ್ಷಗಳ ಅಧ್ಯಾಪನದಲ್ಲಿ ನನ್ನ ಲೋಕೋಪಯೋಗ ಈ ಮೂರರ ಆಚೆಗೆ ಹೋದುದಿಲ್ಲ. ಹೀಗಿರಲು, ಕಳೆದ ತಿಂಗಳ ಒಂದು ಶನಿವಾರ ಸಂಜೆ ಸತ್ಯಮಂಗಲದ ನಮ್ಮ ಮನೆಯ ಬಾಗಿಲಿಗೆ ನಾಲ್ಕನೆಯ ಕೆಲಸವೊಂದು ಬೈಕನ್ನೇರಿ ಬಂದಿತು.

ಬಂದವನು ನನ್ನ ಹಳೆಯ ವಿದ್ಯಾರ್ಥಿ. ವಾಣಿಜ್ಯದ ಪದವಿ ಪಡೆದು, ಇಲ್ಲಿಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ತರಗತಿಯಲ್ಲಿ ಕೊನೆಯ ಬೆಂಚಿನ ಗೋಡೆಯ ಪಕ್ಕದ ಸ್ಥಾನವನ್ನು ಮೂರು ವರ್ಷ ಬಿಟ್ಟುಕೊಡದೆ ಕಾಪಾಡಿದವನು.

"ಸಾರ್, ವ್ಯಾಕರಣದಲ್ಲಿ ಒಂದು ಡೌಟು" ಎಂದ.

ಪರೀಕ್ಷೆಯ ಭಯವಿಲ್ಲದೆ ನನ್ನ ಬಳಿ ವ್ಯಾಕರಣ ಕೇಳಲು ಬಂದ ಮೊದಲನೆಯ ಮನುಷ್ಯ ಅವನು. ನನಗಾದ ಸಂತೋಷದಲ್ಲಿ ಒಳಕ್ಕೆ ಕೂಗಿ ಇನ್ನೊಂದು ಲೋಟ ಕಾಫಿಗೆ ಹೇಳಿದೆ. ಅವನು ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ತೆಗೆದು, ಸುತ್ತಲೂ ನೋಡಿ, ನನ್ನ ಕೈಗಿತ್ತ. ಅದೊಂದು ಪ್ರೇಮಪತ್ರ. ಫೋನಿನಲ್ಲಿ ಕಳಿಸಿದರೆ ಹುಡುಗಾಟವೆಂದು ಕಾಣುತ್ತದೆಂದು ಕಾಗದದ ಮೇಲೆಯೇ ಬರೆದನಂತೆ. ಬರೆದದ್ದು ನಾಲ್ಕು ಸಾಲು. ಅದರಲ್ಲಿ ಏಳು ತಪ್ಪು. ಏಳನ್ನೂ ಕೆಂಪು ಮಸಿಯಲ್ಲಿ ಸುತ್ತು ಹಾಕಿ ಗುರುತಿಸಿತ್ತು. ಹಾಕಿದವಳು ಪತ್ರವನ್ನು ಪಡೆದ ಹುಡುಗಿಯೇ. ಆಕೆ ಪ್ರೌಢಶಾಲೆಯಲ್ಲಿ ಕನ್ನಡ ಉಪಾಧ್ಯಾಯಿನಿ. ಒಪ್ಪಿಗೆಯೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ತಿದ್ದಿ ಹಿಂದಕ್ಕೆ ಕೊಟ್ಟುಬಿಟ್ಟಳು.

ಇದೆಲ್ಲ ನಡೆದದ್ದು ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆಯಲ್ಲಿ. ಹಣೆಗೆ ನಾಮವಿಡಲು ನೀರಿಲ್ಲದೆ ಶ್ರೀರಾಮನು ಬಂಡೆಗೆ ಬಾಣ ಬಿಟ್ಟು ನೀರು ಚಿಮ್ಮಿಸಿದನೆಂದು ಸ್ಥಳಪುರಾಣ. ರಾಮನ ಬಾಣಕ್ಕೆ ಬಂಡೆ ಕರಗಿದ ಜಾಗದಲ್ಲಿಯೇ ಮನ್ಮಥನ ಹೂಬಾಣಕ್ಕೆ ಕೆಂಪು ಮಸಿ ಚಿಮ್ಮಿದುದು ನನ್ನ ಶಿಷ್ಯನ ದುರದೃಷ್ಟ.

ತಪ್ಪುಗಳನ್ನು ನೋಡಿದೆ. 'ಹೃದಯ'ವನ್ನು 'ರುದಯ'ವೆಂದು ಬರೆದಿದ್ದ. 'ಶಾಶ್ವತ'ದಲ್ಲಿ ಸಕಾರ ನುಗ್ಗಿತ್ತು. "ನಿನಗಾಗಿ ನನ್ನ ಪ್ರಾನವನ್ನೇ ಕೊಡುತ್ತೇನೆ" ಎಂಬಲ್ಲಿ ಣಕಾರಕ್ಕೆ ನಕಾರ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಮೂರು ವರ್ಷವೂ ತಿಳಿಯದೆ ಹೋದವನು ಪ್ರಾಣವನ್ನೇ ಕೊಡಲು ಹೊರಟಿದ್ದ! ಕೊನೆಯ ಸಾಲು, "ನಾನು ನಿನ್ನ ಪ್ರೀತಿಸುತ್ತೇನೆ" ಎಂದು. ಅದರಲ್ಲಿ 'ನಿನ್ನ' ಎಂಬುದಕ್ಕೆ ಸುತ್ತು ಹಾಕಿ ಪಕ್ಕದಲ್ಲಿ ಮುತ್ತಿನಂಥ ಅಕ್ಷರಗಳಲ್ಲಿ "ಯಾವ ವಿಭಕ್ತಿ?" ಎಂದು ಬರೆದಿತ್ತು.

"ಯಾವ ವಿಭಕ್ತಿ ಸಾರ್?" ಎಂದು ಹುಡುಗ ಕೇಳಿದ. ಅವನ ಮುಖ ನೋಡಿದರೆ ಅವನ ಬಾಳೆಲ್ಲ ಒಂದು ಪ್ರತ್ಯಯದ ಮೇಲೆ ತೂಗುತ್ತಿರುವಂತೆ ಕಂಡಿತು.

'ನಿನ್ನ' ಎಂಬುದು ಷಷ್ಠಿ. ದ್ವಿತೀಯೆಯಾದರೆ 'ನಿನ್ನನ್ನು' ಎನ್ನಬೇಕು. ಆದರೆ ಆಡುಮಾತಿನಲ್ಲಿಯೂ ಪದ್ಯದಲ್ಲಿಯೂ 'ನಿನ್ನ' ಎಂಬುದೇ ದ್ವಿತೀಯೆಯ ಕೆಲಸವನ್ನು ಮಾಡುವುದುಂಟು. ಇಷ್ಟು ಹೇಳಿ ಕಳಿಸಬಹುದಾಗಿತ್ತು. ಆದರೆ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ನಿಜವಾಗಿ ಕನ್ನಡದಲ್ಲಿ ಪ್ರೇಮಕ್ಕೆ ಯಾವ ವಿಭಕ್ತಿ?

ದ್ವಿತೀಯೆ ಕರ್ಮಾರ್ಥದಲ್ಲಿ ಬರುತ್ತದೆಂಬುದನ್ನು ಎಲ್ಲರೂ ಬಲ್ಲರು. ಹಾಗಾದರೆ "ನಿನ್ನನ್ನು ಪ್ರೀತಿಸುತ್ತೇನೆ" ಎಂದವನು ಮೊದಲ ಮಾತಿನಲ್ಲಿಯೇ ನಲ್ಲೆಯನ್ನು 'ಕರ್ಮ' ಎಂದಂತಾಯಿತು. ಮದುವೆಯಾಗಿ ಹತ್ತು ವರ್ಷಗಳ ಮೇಲೆ ಹಣೆಯನ್ನು ಚಚ್ಚಿಕೊಂಡು ಆಡುವ ಮಾತನ್ನು ಮೊದಲೇ ಏಕೆ ಆಡಬೇಕು? ಇನ್ನು ಆ ಕ್ರಿಯಾಪದವೋ, 'ಪ್ರೀತಿ' ಎಂಬ ಸಂಸ್ಕೃತ ನಾಮಪದಕ್ಕೆ 'ಇಸು' ಹಚ್ಚಿ ಮಾಡಿದ್ದು. ದಂಡಿಸು, ಪೀಡಿಸು, ವಂಚಿಸು, ಪ್ರೀತಿಸು: ಸಹವಾಸವೇ ಒಳ್ಳೆಯದಲ್ಲ. ನಮ್ಮ ಅಜ್ಜ ಅಜ್ಜಿಯರು ಅರವತ್ತು ವರ್ಷ ಒಂದೇ ಸೂರಿನಡಿ ಬಾಳಿದರು. ಒಬ್ಬರನ್ನೊಬ್ಬರು 'ಪ್ರೀತಿಸುತ್ತೇನೆ' ಎಂದು ಒಂದು ಸಲವಾದರೂ ಹೇಳಿದ್ದನ್ನು ಕೇಳಿದವರಿಲ್ಲ. ಹೇಳಿದ್ದರೆ ಅಜ್ಜಿ ವೈದ್ಯರಿಗೆ ಹೇಳಿಕಳಿಸುತ್ತಿದ್ದಳು.

ಅಚ್ಚಗನ್ನಡದ ಧಾತು 'ಒಲಿ'. ಅದಕ್ಕೆ ಚತುರ್ಥಿ ಬೇಕು: ಅವಳು ಅವನಿಗೆ ಒಲಿದಳು, ದೇವರು ಭಕ್ತನಿಗೆ ಒಲಿದ. ಇಲ್ಲಿ ಯಾರೂ ಯಾರ ಕರ್ಮವೂ ಅಲ್ಲ. "ನನಗೆ ನೀನು ಇಷ್ಟ" ಎಂದರೂ ಚತುರ್ಥಿಯೇ, ಆದರೆ ಈ ಸಲ ಅದು ಹೇಳುವವನ ತಲೆಯ ಮೇಲೆ: "ನನಗೆ ಜ್ವರ", "ನನಗೆ ಹಸಿವು" ಎಂಬಂತೆ, ತನ್ನ ಕೈಯಲ್ಲಿಲ್ಲದ್ದು ತನಗೆ ಬಂದೊದಗಿದೆ ಎಂಬ ವಿನಯ ಅದರಲ್ಲಿದೆ. "ನಿನ್ನಲ್ಲಿ ನನ್ನ ಮನಸ್ಸು" ಎಂದರೆ ಸಪ್ತಮಿ, ಬಾಡಿಗೆಯಿಲ್ಲದ ವಾಸ. ದಾಂಪತ್ಯ ಹಳೆಯದಾದ ಮೇಲೆ ಪಂಚಮಿ ತಾನಾಗಿಯೇ ಬರುತ್ತದೆ: "ಎಲ್ಲ ನಿಮ್ಮ ದೆಸೆಯಿಂದಲೇ ಆದದ್ದು!" ಸಂಬೋಧನೆಯ ವಿಷಯದಲ್ಲಂತೂ ನಮ್ಮ ಹೆಂಗಸರು ಯಾವ ವೈಯಾಕರಣನಿಗೂ ಹೊಳೆಯದ ಉಪಾಯವನ್ನು ಕಂಡುಹಿಡಿದಿದ್ದಾರೆ. ಹೆಸರನ್ನು ಹೇಳಬಾರದು, ಕರೆಯದೆ ವಿಧಿಯಿಲ್ಲ. "ಏನೂಂದ್ರೆ" ಎಂದರೆ ಬೀದಿಯಲ್ಲಿರುವ ಹತ್ತು ಗಂಡಸರಲ್ಲಿ ತಿರುಗಿ ನೋಡಬೇಕಾದವನೊಬ್ಬನೇ ತಿರುಗಿ ನೋಡುತ್ತಾನೆ.

ಇಂಗ್ಲಿಷಿನವರು ಪ್ರೇಮದಲ್ಲಿ ಬೀಳುತ್ತಾರೆ. ಕನ್ನಡಿಗರು ಬೀಳುವುದಿಲ್ಲ, ಸೋಲುತ್ತಾರೆ. ಮನಸೋತ, ಮರುಳಾದ, ಮನಸ್ಸು ಕೊಟ್ಟ: ಎಲ್ಲವೂ ನಷ್ಟದ ಬಾಬಿನವು. "ಲೆಕ್ಕ ಬರೆಯುವವನು ನೀನು, ಇದು ನಿನಗೆ ತಿಳಿಯಬೇಕು" ಎಂದೆ. ಅವನು ನಗಲಿಲ್ಲ.

ಅವನ ಎದೆ ಗಟ್ಟಿಯಾಗಲೆಂದು ಸಾಹಿತ್ಯಕ್ಕೆ ತಿರುಗಿದೆ. ಹನ್ನೆರಡನೆಯ ಶತಮಾನದ ನೇಮಿಚಂದ್ರನ 'ಲೀಲಾವತಿ'ಯಲ್ಲಿ ಕಂದರ್ಪನೆಂಬ ರಾಜಕುಮಾರ ಕನಸಿನಲ್ಲಿ ಒಬ್ಬಳನ್ನು ಕಾಣುತ್ತಾನೆ. ಆಕೆಯೂ ಅವನನ್ನು ಕನಸಿನಲ್ಲಿಯೇ ಕಾಣುತ್ತಾಳೆ. ಪತ್ರವೂ ಇಲ್ಲ, ಪ್ರತ್ಯಯವೂ ಇಲ್ಲ. ಗೆಳೆಯ ಮಕರಂದನನ್ನು ಜತೆಗೆ ಕರೆದುಕೊಂಡು ಹುಡುಕುತ್ತ ಹೊರಟರಾಯಿತು. 1209ರಲ್ಲಿ ಜನ್ನ ಬರೆದು ಮುಗಿಸಿದ 'ಯಶೋಧರ ಚರಿತೆ'ಯ ರಾಣಿ ಅಮೃತಮತಿಗೆ ರಾತ್ರಿಯಲ್ಲಿ ಕೇಳಿದ ಮಾವುತನ ಹಾಡೊಂದೇ ಸಾಕಾಯಿತು. ಮುಖ ನೋಡುವ ಮೊದಲೇ ಮನಸ್ಸು ಹೋಯಿತು. ಆ ಕಥೆಯ ಮುಂದಿನ ಭಾಗ ಹುಡುಗನಿಗೆ ಆಗ ಬೇಡವೆಂದು ಅಲ್ಲಿಗೆ ನಿಲ್ಲಿಸಿದೆ.

ನಾನು-ನೀನು ಎಂದು ಎದುರೆದುರು ನಿಂತು ಹೇಳಿಕೊಳ್ಳುವ ಭಾವಗೀತೆಯ ಪ್ರೇಮಕ್ಕೆ ಕನ್ನಡದಲ್ಲಿ ದಾರಿ ಮಾಡಿದವರಲ್ಲಿ ಪ್ರಮುಖರು ಬಿ.ಎಂ.ಶ್ರೀಕಂಠಯ್ಯನವರು, ಅವರ 'ಇಂಗ್ಲಿಷ್ ಗೀತಗಳು' ಪುಸ್ತಕವಾಗಿ ಬಂದದ್ದು 1926ರಲ್ಲಿ. ಅವರು ಹುಟ್ಟಿದ್ದು ನಮ್ಮ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಸಂಪಿಗೆಯವರು ತೋರಿದ ದಾರಿಯಲ್ಲಿ 1942ರಲ್ಲಿ ಮಲ್ಲಿಗೆ ಅರಳಿತು: ಕೆ.ಎಸ್.ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'. ಅದರ ಪ್ರಣಯಿಗಳು ಯಾರು? ಗಂಡ ಹೆಂಡತಿ! ಮಾವನ ಮನೆ, ಬಳೆಗಾರ, ತವರು. ಇವುಗಳ ನಡುವೆಯೇ ಶೃಂಗಾರ. ಆ ಪುಸ್ತಕವನ್ನು ಮದುವೆಯ ಉಡುಗೊರೆಯಾಗಿ ಕೊಟ್ಟವರೆಷ್ಟೋ ಮಂದಿ. ಓದಿ, ಹೆಂಡತಿಯೊಡನೆ ಹಾಗೆ ಮಾತನಾಡಿದವರೆಷ್ಟು ಮಂದಿ ಎಂಬ ಪ್ರಶ್ನೆಯನ್ನು, ನನ್ನ ಕ್ಷೇಮಕ್ಕಾಗಿ, ಇಲ್ಲಿ ಎತ್ತುವುದಿಲ್ಲ.

"ಸಾರ್, ಇದರಲ್ಲಿ ಯಾರಿಗೂ ಕಾಗದ ತಿದ್ದಿ ವಾಪಸ್ ಕೊಟ್ಟಿಲ್ಲವಲ್ಲ" ಎಂದ ಹುಡುಗ. ಕೊನೆಯ ಬೆಂಚಿನಿಂದ ಇಂಥ ಪ್ರಶ್ನೆ ಆಗಲೇ ಬಂದಿದ್ದರೆ ಅವನಿಗೆ ಪ್ರಥಮ ದರ್ಜೆ ಬರುತ್ತಿತ್ತು. ಆಗ ನೆನಪಾದಳು ವಿಷಯೆ.

ಲಕ್ಷ್ಮೀಶನ 'ಜೈಮಿನಿ ಭಾರತ'ದ ಚಂದ್ರಹಾಸನ ಕಥೆಯನ್ನು ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೂ ಹೇಳುವ ಆಸೆ. ಮಂತ್ರಿ ದುಷ್ಟಬುದ್ಧಿ ಚಂದ್ರಹಾಸನ ಕೈಯಲ್ಲಿಯೇ ತನ್ನ ಮಗ ಮದನನಿಗೆ ಒಂದು ಪತ್ರವನ್ನು ಕೊಟ್ಟು ಕಳಿಸುತ್ತಾನೆ. ತಂದವನಿಗೆ ವಿಷವನ್ನು ಕೊಡು ಎಂಬುದು ಪತ್ರದ ತಾತ್ಪರ್ಯ. ಪಾಪ, ಹುಡುಗ ತನ್ನ ಮರಣದಂಡನೆಯನ್ನು ತಾನೇ ಹೊತ್ತು ತಂದು, ಊರ ಹೊರಗಿನ ಉದ್ಯಾನದಲ್ಲಿ ನಿದ್ರೆ ಹೋಗುತ್ತಾನೆ. ಅಲ್ಲಿಗೆ ಬಂದ ಮಂತ್ರಿಯ ಮಗಳು ವಿಷಯೆ ಅವನನ್ನು ಕಾಣುತ್ತಾಳೆ, ಮನಸೋಲುತ್ತಾಳೆ, ಪತ್ರವನ್ನು ಓದುತ್ತಾಳೆ. ಅಪ್ಪ ಬರೆಯುವ ಆತುರದಲ್ಲಿ ತಪ್ಪಿರಬೇಕೆಂದು ಬಗೆದು, 'ವಿಷವ' ಎಂಬಲ್ಲಿ 'ವ'ಕಾರವನ್ನು ಅಳಿಸಿ 'ಯೆ' ಮಾಡಿ, ಮತ್ತೆ ಇದ್ದ ಹಾಗೆಯೇ ಇಟ್ಟು ಹೊರಟುಹೋಗುತ್ತಾಳೆ. ಮದನ ಪತ್ರವನ್ನು ಓದಿ ವಿಷದ ಬದಲು ವಿಷಯೆಯನ್ನೇ ಕೊಟ್ಟು ಮದುವೆ ಮಾಡುತ್ತಾನೆ. ಒಂದೇ ಅಕ್ಷರ! ಕಂದರ್ಪನ ಕನಸುಗಳನ್ನೂ ವಿರಹಿಗಳ ಬೆಳುದಿಂಗಳ ಬೇಗೆಯನ್ನೂ ಒಂದು ತಕ್ಕಡಿಯಲ್ಲಿಟ್ಟು, ಈ ಒಂದು ಅಕ್ಷರವನ್ನು ಇನ್ನೊಂದರಲ್ಲಿಟ್ಟರೆ, ನಾನು ಅಕ್ಷರದ ಕಡೆಗೆ. ಇಪ್ಪತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದವನ ಪಕ್ಷಪಾತವೆಂದು ಯಾರಾದರೂ ಹೇಳಿದರೆ ಹೇಳಲಿ.

"ಬೇಡವಾದ ಕಾಗದವನ್ನು ಯಾರೂ ತಿದ್ದುವುದಿಲ್ಲ ಕಣಯ್ಯ, ಹರಿದುಹಾಕುತ್ತಾರೆ" ಎಂದೆ. "ತಪ್ಪು ಕಾಗದ ಬರೆದದ್ದಕ್ಕೆ ನಾಚಬೇಡ. ಗೂಳೂರಿನ ಹತ್ತಿರದ ಕೈದಾಳಕ್ಕೆ ಹೋಗಿದ್ದೀಯಲ್ಲ? ಅಲ್ಲಿಯ ಜಕಣಾಚಾರಿ ಹೆಂಡತಿಯನ್ನು ಬಿಟ್ಟು ಹೊರಟವನು, ಮಗ ಬೆಳೆದು ಹುಡುಕಿಕೊಂಡು ಬಂದು ಶಿಲೆಯಲ್ಲಿ ತಪ್ಪು ತೋರಿಸುವವರೆಗೆ ಹಿಂದಿರುಗಿ ನೋಡಲಿಲ್ಲ. ಕತ್ತರಿಸಿಕೊಂಡ ಕೈ ದೇವರ ದಯದಿಂದ ಮತ್ತೆ ಬಂತು ಎನ್ನುತ್ತದೆ ಐತಿಹ್ಯ. ಆ ಕೈ ಅಷ್ಟು ವರ್ಷ ಎರಡು ಸಾಲು ಮನೆಗೆ ಏಕೆ ಬರೆಯಲಿಲ್ಲ ಎಂದು ಆ ಹೆಂಗಸು ಕೇಳಿರಬೇಕು. ಐತಿಹ್ಯದವರು ಅದನ್ನು ಬಿಟ್ಟುಬಿಟ್ಟರು."

ಹುಡುಗ ಇನ್ನೂ ಅನುಮಾನಿಸುತ್ತಿದ್ದ. ಗತ್ಯಂತರವಿಲ್ಲದೆ ನನ್ನ ಸ್ವಂತದ ಉದಾಹರಣೆಯನ್ನೇ ಕೊಡಬೇಕಾಯಿತು.

ಅದು 2006ರ ಮಾತು. ನಿಶ್ಚಿತಾರ್ಥವಾಗಿ ಮದುವೆಗೆ ಮೂರು ತಿಂಗಳಿತ್ತು. ಮೊಬೈಲು ಆಗಲೇ ಬಂದಿದ್ದರೂ ಕನ್ನಡ ಎಂ.ಎ. ಓದಿದವನು ಅಂಚೆಯಲ್ಲಿಯೇ ಬರೆಯಬೇಕೆಂಬ ಹಟ ನನ್ನದು. ಗುಬ್ಬಿ ತಾಲ್ಲೂಕಿನ ಆ ಹಳ್ಳಿಗೆ ನಾಲ್ಕು ಪುಟದ ಪತ್ರ ಹೋಯಿತು. ಚಂದ್ರ, ಚಕೋರ, ಮಲಯಮಾರುತ ಯಾವುದನ್ನೂ ಬಿಟ್ಟಿರಲಿಲ್ಲ. ವಿರಹದಿಂದ ಸೊರಗಿದ್ದೇನೆಂದು ಹೇಳಲು ಸರಳವಾದ ಮಾತು ಸಾಲದೆ "ನಿನ್ನ ಅಗಲಿಕೆಯಲ್ಲಿ ನಾನು ದಿನೇ ದಿನೇ ಕೃಶನಾಗುತ್ತಿದ್ದೇನೆ" ಎಂದು ಬರೆದಿದ್ದೆ. ಅಂಚೆಯವನು ಪತ್ರವನ್ನು ಕೊಟ್ಟದ್ದು ನನ್ನ ಭಾವೀ ಮಾವನವರ ಕೈಗೆ. ಅವರು ಅದನ್ನು "ದಿನೇ ದಿನೇ ಕೃಷ್ಣನಾಗುತ್ತಿದ್ದೇನೆ" ಎಂದು ಓದಿಕೊಂಡರು. ಮಾವನವರು ಗುಬ್ಬಿ ಕಂಪನಿಯ ನಾಟಕಗಳನ್ನು ನೋಡಿ ಬೆಳೆದವರು. 'ಸದಾರಮೆ'ಯಲ್ಲಿ ವೀರಣ್ಣನವರ ಕಳ್ಳನ ಪಾತ್ರದ ಕೀರ್ತಿಯನ್ನು ಗಂಟೆಗಟ್ಟಲೆ ಹೇಳಬಲ್ಲವರು. 'ಕೃಷ್ಣಲೀಲೆ'ಯ ಮೂಲಕ ಕೃಷ್ಣನೆಂದರೆ ಏನೆಂಬುದನ್ನೂ ಚೆನ್ನಾಗಿ ಬಲ್ಲವರು. ಮದುವೆಗೆ ಮೊದಲೇ ದಿನೇ ದಿನೇ ಕೃಷ್ಣನಾಗುತ್ತಿರುವ ಅಳಿಯನನ್ನು ಕುರಿತು ಅವರು ತುಮಕೂರಿನ ಬಂಧುಗಳಲ್ಲಿ ಗುಟ್ಟಾಗಿ ವಿಚಾರಿಸಲು ಸಿದ್ಧರಾಗಿದ್ದರಂತೆ. ಮಗಳು ಪತ್ರವನ್ನು ತೋರಿಸಿ, "ಸರಿಯಾಗಿ ನೋಡಿ ಅಪ್ಪಾಜಿ, ಅಲ್ಲಿ ಒತ್ತಕ್ಷರವೇ ಇಲ್ಲ. ಸಣ್ಣಗಾಗಿದ್ದೀನಿ ಅಂತ ಬರೆದಿದ್ದಾರೆ" ಎಂದು ವಾದಿಸಿ ಮದುವೆಯನ್ನು ಉಳಿಸಿದಳು. ಧಾರೆಯ ದಿನ ನನ್ನ ದೇಹವನ್ನು ಕಂಡು ಮಾವನವರಿಗೆ ಆ ಅರ್ಥದಲ್ಲಿಯೂ ನಂಬಿಕೆ ಹೋಯಿತೆಂಬುದು ಬೇರೆ ಮಾತು.

"ಹಾಗಾಗಿ ತಪ್ಪು ಬರೆಯುವವನದೇ ಆಗಬೇಕಿಲ್ಲ, ಓದುವವರ ಕನ್ನಡಕದ್ದೂ ಇರುತ್ತದೆ" ಎಂದು ನಾನು ಮುಗಿಸಿದೆ. ಅಡುಗೆಮನೆಯಲ್ಲಿ ಯಾರೋ ನಕ್ಕಂತಾಯಿತು.

ಹುಡುಗ ಕಾಗದವನ್ನು ಮಡಿಸಿ ಜೇಬಿಗಿಟ್ಟು, ಚತುರ್ಥಿಯೇ ಇರಲಿ ಎಂದು ನಿರ್ಧರಿಸಿ ಹೊರಟ. "ನನಗೆ ನೀವು ಇಷ್ಟ" ಎಂಬ ಒಂದೇ ಸಾಲನ್ನು ಬರೆದುಕೊಟ್ಟನಂತೆ. ವಾರ ಕಳೆದ ಮೇಲೆ ಉತ್ತರ ಬಂತು: "ತಪ್ಪಿಲ್ಲ. ಭಾನುವಾರ ಮನೆಗೆ ಬಂದು ಅಪ್ಪನ ಹತ್ತಿರ ಮಾತನಾಡಿ." ಅಪ್ಪನವರು ನಿವೃತ್ತ ಗಣಿತದ ಮೇಷ್ಟ್ರಂತೆ. ಆ ಕಂಟಕಕ್ಕೆ ನನ್ನಲ್ಲಿ ಮದ್ದಿಲ್ಲ.

ಅವನ ಕಥೆ ಹಾಗಿರಲಿ. ಆ ಶನಿವಾರ ಅವನು ಹೋದ ಮೇಲೆ ನಮ್ಮ ಮನೆಯಾಕೆ ಸೆರಗಿನಲ್ಲಿ ಕೈ ಒರಸಿಕೊಳ್ಳುತ್ತ ಹೊರಗೆ ಬಂದಳು. ಕೈಯಲ್ಲಿ ಹಳದಿಗಟ್ಟಿದ ಒಂದು ಲಕೋಟೆ. ಅದು ಇನ್ನೂ ಇರುವುದೇ ನನಗೆ ಗೊತ್ತಿರಲಿಲ್ಲ. ಮೂರನೆಯ ಪುಟವನ್ನು ತೆಗೆದು ದೀಪದ ಬೆಳಕಿಗೆ ಹಿಡಿದು, "ನೋಡಿ" ಎಂದಳು.

ನೋಡಿದೆ. ನನ್ನದೇ ಅಕ್ಷರ. ಆ ಪದದ ಎರಡನೆಯ ಅಕ್ಷರದ ಕೆಳಗೆ, ಒತ್ತು ಇರಬೇಕಾದ ಕಡೆ, ಕಾಗದ ತೆಳ್ಳಗೆ ಹೆರೆದುಹೋಗಿತ್ತು. ಬ್ಲೇಡಿನ ಮೊನೆಯ ಗುರುತು. ಮಾವನವರ ಕನ್ನಡಕದ ತಪ್ಪೇನೂ ಇರಲಿಲ್ಲ. ಚಂದ್ರ ಚಕೋರಗಳ ಭರದಲ್ಲಿ ನಾನು 'ಕೃಷ್ಣ'ನೆಂದೇ ಬರೆದಿದ್ದೆ.

ಏನು ಹೇಳಬೇಕೋ ತೋಚಲಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಬಾಯಿ ಬಿಡದವಳ ಮುಂದೆ ಯಾವ ವಿಭಕ್ತಿಯೂ ನೆರವಿಗೆ ಬರಲಿಲ್ಲ. ಕೊನೆಗೆ ಅಧ್ಯಾಪಕನ ಅಭ್ಯಾಸವೇ ಗೆದ್ದಿತು. "ಒತ್ತು ತೆಗೆದರೂ 'ಷ' ಹಾಗೆಯೇ ಉಳಿದಿದೆಯಲ್ಲ. ಅಲ್ಲಿ 'ಶ' ಆಗಬೇಕಿತ್ತು" ಎಂದೆ.

"ಅಪ್ಪಾಜಿ ಕನ್ನಡಕ ತರೋಕೆ ಅಂತ ಒಳಗೆ ಹೋಗಿದ್ರು. ಒಂದು ಒತ್ತು ತೆಗೆಯೋಷ್ಟೇ ಹೊತ್ತಿತ್ತು" ಎಂದು ಹೇಳಿ, ಪತ್ರವನ್ನು ಮಡಿಸಿ ಲಕೋಟೆಗೆ ಸೇರಿಸಿ, ಹಾಲು ಕಾಯಿಸಲು ಒಳಗೆ ಹೋದಳು.