ಕರ್ನಲ್ ಓಡದಿದ್ದಾಗ ಕಲಿತ ಪಾಠ

"ಮಿಸ್, ಲಿನಕ್ಸ್ ಒಂದೇ ಅಲ್ವಾ? ಬೇರೆ ಪ್ರೊಸೆಸರ್‌ಗೆ ಯಾಕೆ ಮತ್ತೆ ಬಿಲ್ಡ್ ಮಾಡ್ಬೇಕು?" ಬೋಧನಾಭ್ಯಾಸದಲ್ಲಿ ಒಂಬತ್ತನೆಯ ತರಗತಿಯ ಹುಡುಗಿ ಕೇಳಿದಾಗ ತಡವರಿಸಿದೆ.

ಒಂದೊಂದು ಪ್ರೊಸೆಸರ್ ಕುಟುಂಬಕ್ಕೂ ತನ್ನದೇ ಯಂತ್ರಭಾಷೆಯಿದೆ. 2010ರಲ್ಲಿ ಬರ್ಕ್ಲಿಯಲ್ಲಿ ಆರಂಭವಾದ ರಿಸ್ಕ್-ಫೈವ್ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಭಾಷೆ. ಮದ್ರಾಸ್ ಐಐಟಿಯ ಮುಕ್ತ ಪ್ರೊಸೆಸರ್ 'ಶಕ್ತಿ'ಯದೂ ಇದೇ. ಕರ್ನಲ್‌ನ ಬಹುಪಾಲು ಸಿ ಕೋಡ್ ಎಲ್ಲಕ್ಕೂ ಸಮಾನ. ಬೂಟ್, ಇಂಟರಪ್ಟ್, ಮೆಮೊರಿ ನಿರ್ವಹಣೆಯ ಕೆಳಹಂತವನ್ನು ಹೊಸದಾಗಿ ಬರೆಯುವುದೇ ಪೋರ್ಟಿಂಗ್. ರಿಸ್ಕ್-ಫೈವ್‌ನ ಆ ಭಾಗ 2018ರಲ್ಲಿ ಬಂದ ಲಿನಕ್ಸ್ 4.15ರಲ್ಲಿ ಸೇರಿತು.

ಇಡೀ ಕೋಡನ್ನು ಯಂತ್ರಭಾಷೆಗೆ ಇಳಿಸುವುದು ಬಿಲ್ಡ್. ಲ್ಯಾಪ್‌ಟಾಪ್‌ನಲ್ಲಿ ಕುಳಿತು ರಿಸ್ಕ್-ಫೈವ್‌ಗೆ ಇಳಿಸಲು ಕ್ರಾಸ್ ಕಂಪೈಲರ್ ಬೇಕು. ನಾನು ಗುರಿ ಪ್ರೊಸೆಸರನ್ನು ಸೂಚಿಸಲು ಮರೆತೆ. ತಯಾರಾದದ್ದು ಲ್ಯಾಪ್‌ಟಾಪಿನ ಚಿಪ್‌ಗೆ ಹೊಂದುವ ಕರ್ನಲ್. ರಿಸ್ಕ್-ಫೈವ್ ಎಮ್ಯುಲೇಟರ್‌ನಲ್ಲಿ ಓಡಲೇ ಇಲ್ಲ.

ಮುಂದಿನ ಪಾಠವನ್ನು ಆ ಓಡದ ಕರ್ನಲ್‌ನಿಂದಲೇ ಆರಂಭಿಸಿದೆ. ಉತ್ತರವನ್ನು ಆ ಹುಡುಗಿಯೇ ಹೇಳಿದಳು.